ಮಾದಪ್ಪನ ಬೆಟ್ಟ ಹತ್ತುವ ಎಂಜಿನ್ನಿಗೆ ಯಾವ ಆಯಿಲ್?

ಕೊಳ್ಳೇಗಾಲ ಸೀಮೆಯಲ್ಲಿ ಹೊಸ ಕಾರು ಕೊಂಡವರು ಮೊದಲು ಹೊರಡುವುದು ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರೂ ಅಷ್ಟೆ. ಬಾನೆಟ್ಟಿಗೆ ಚೆಂಡುಹೂವಿನ ಹಾರ ಕಟ್ಟಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಮಧುವನಹಳ್ಳಿ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದು, ಅಲ್ಲಿ ಕೈಮುಗಿದು ಘಾಟಿ ಹತ್ತುತ್ತಾರೆ. ಕೊಳ್ಳೇಗಾಲದಿಂದ ಸುಮಾರು 80 ಕಿ.ಮೀ. ದಾರಿ. ಕೊನೆಯ ಭಾಗವೆಲ್ಲ ತಿರುವು, ಏರು. ಗಾಡಿ ಎರಡನೇ ಗೇರಿನಿಂದ ಮೇಲಕ್ಕೆ ಬರುವುದಿಲ್ಲ. ಎದುರಿಗೆ ಬಸ್ಸು ಬಂದರೆ ಒಂದನೇ ಗೇರೇ ಗತಿ.

ಹೊಸ ಎಂಜಿನ್ನಿಗೆ ಇದು ದೊಡ್ಡ ಪರೀಕ್ಷೆ. ಮೊದಲ 1,000 ಕಿ.ಮೀ. ಓಡುವವರೆಗೆ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುತ್ತಿರುತ್ತವೆ. ಆ ಅವಧಿಯಲ್ಲಿ ಹೆಚ್ಚು ಭಾರ ಹೇರಬೇಡಿ, ಎಂಜಿನ್ನನ್ನು ಅರಚಿಸಬೇಡಿ ಎಂದು ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಹೇಳುತ್ತವೆ. ಬೆಟ್ಟದಲ್ಲಿ ಗಾಡಿಯ ಪೂಜೆ ಮೊದಲ ವಾರವೇ ಆಗಬೇಕೆಂದಿದ್ದರೆ ಜನ ಕಡಿಮೆ ಮಾಡಿಕೊಂಡು ಹೋಗಿ. ಘಾಟಿಯಲ್ಲಿ ಎಸಿ ಆರಿಸಿ. ಎಂಜಿನ್ ಏದುಸಿರು ಬಿಡುವ ಮೊದಲೇ ಗೇರು ಇಳಿಸಿ. ಮೇಲೆ ತಲುಪಿದ ಕೂಡಲೇ ಕೀಲಿ ತಿರುಗಿಸಿ ಆರಿಸದೆ ಒಂದು ನಿಮಿಷ ಹಾಗೇ ಓಡಲು ಬಿಡಿ. ಟರ್ಬೊ ಇರುವ ಗಾಡಿಯಾದರೆ ಈ ಕೊನೆಯ ಮಾತು ಹೊಸತಕ್ಕೆ ಮಾತ್ರವಲ್ಲ, ಅದರ ಆಯುಷ್ಯ ಪೂರ್ತಿ ನೆನಪಿಡಬೇಕಾದದ್ದು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ದಂಡಕ್ಕೆ ತಣ್ಣಗಾಗಲು ಆಯಿಲ್ ಹರಿಯುತ್ತಿರಬೇಕು. ಎಂಜಿನ್ ದಿಢೀರನೆ ನಿಂತರೆ ಅಲ್ಲಿರುವ ಆಯಿಲ್ ಅಲ್ಲೇ ಸುಟ್ಟು ಕರಕಲಾಗುತ್ತದೆ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯ. ಕಾರಿನ ಜೊತೆ ಬರುವ ಮಾಲೀಕರ ಕೈಪಿಡಿಯನ್ನು ನಮ್ಮ ಕಡೆ ತೆರೆಯುವವರೇ ಕಡಿಮೆ. ತೆರೆದವರೂ ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂಬ ಸಾಲು ಓದಿ ಮುಚ್ಚಿಡುತ್ತಾರೆ. ಬಹಳಷ್ಟು ಕೈಪಿಡಿಗಳಲ್ಲಿ ಸರ್ವಿಸ್ ಪಟ್ಟಿಗಳು ಎರಡಿರುತ್ತವೆ. ಮೊದಲನೆಯದು ಸಾಧಾರಣ ಬಳಕೆಗೆ. ಇನ್ನೊಂದು, ಕಠಿಣ ಬಳಕೆಗೆ. ಧೂಳಿನ ರಸ್ತೆ, ಮತ್ತೆ ಮತ್ತೆ ಸಣ್ಣ ದೂರದ ಓಡಾಟ, ನಿಂತಲ್ಲೇ ಎಂಜಿನ್ ಓಡಿಸುವುದು, ಬೆಟ್ಟದ ಏರು, ಹೆಚ್ಚು ಭಾರ, ಸುಡು ಬಿಸಿಲು, ಇವುಗಳಲ್ಲಿ ಯಾವುದಾದರೂ ನಿಮ್ಮ ದಿನನಿತ್ಯದ ಬಳಕೆಯಾಗಿದ್ದರೆ ಎರಡನೇ ಪಟ್ಟಿ ಅನುಸರಿಸಿ ಎಂದು ಅಲ್ಲಿ ಬರೆದಿರುತ್ತದೆ. ಈಗ ಕೊಳ್ಳೇಗಾಲ, ಯಳಂದೂರು, ಹನೂರು, ನಮ್ಮ ಈ ಮೂರು ತಾಲ್ಲೂಕುಗಳನ್ನು ನೋಡಿ. ಬೆಳಿಗ್ಗೆ ಕೊಳ್ಳೇಗಾಲದ ಪೇಟೆಯಲ್ಲಿ ಎರಡು ಕಿ.ಮೀ. ಓಡಿ ನಿಲ್ಲುವ ಕಾರು ಸಂಜೆ ಜಮೀನಿನ ಮಣ್ಣುದಾರಿಗೆ ಇಳಿಯುತ್ತದೆ. ಯಳಂದೂರಿನ ಟ್ಯಾಕ್ಸಿ ವಾರಕ್ಕೆರಡು ಸಲ ಬಿಳಿಗಿರಿರಂಗನ ಬೆಟ್ಟ ಹತ್ತುತ್ತದೆ. ಹನೂರಿನ ಪ್ಯಾಸೆಂಜರ್ ಗಾಡಿ ಅಮಾವಾಸ್ಯೆ ಜನರನ್ನು ತುಂಬಿಕೊಂಡು ಬೆಟ್ಟಕ್ಕೆ ತಿರುಗುತ್ತದೆ. ಏಪ್ರಿಲ್ ತಿಂಗಳ ಬಿಸಿಲಂತೂ ಹೇಳಬೇಕಾಗಿಲ್ಲ. ನಮ್ಮ ಸಾಧಾರಣ ಬಳಕೆಯೇ ಕಂಪನಿಯ ಲೆಕ್ಕದ ಕಠಿಣ ಬಳಕೆ. ನಾವು ಓದಬೇಕಾದದ್ದು ಎರಡನೇ ಪಟ್ಟಿ. ಅದರಲ್ಲಿ ಆಯಿಲ್ ಬದಲಿಸುವ ಅಂತರ ಸಾಮಾನ್ಯವಾಗಿ ಅರ್ಧಕ್ಕೆ ಇಳಿದಿರುತ್ತದೆ: 10,000 ಇದ್ದಲ್ಲಿ 5,000.

ಹಳೆಯ ಗಾಡಿ ಕೊಂಡಿದ್ದು ಪುಸ್ತಕ ಇಲ್ಲ ಎನ್ನುವವರು ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ಲಿನ ಕೈಪಿಡಿ ಹುಡುಕಿ. ಹಲವು ಕಂಪನಿಗಳು ಪುಕ್ಕಟೆ ಇಟ್ಟಿವೆ. ಮೊಬೈಲಿಗೆ ಇಳಿಸಿಕೊಂಡರೆ ಮೆಕ್ಯಾನಿಕ್ಕಿನ ಎದುರು ತೋರಿಸಲೂ ಆಗುತ್ತದೆ.

ಧೂಳಿನಿಂದ ಶುರು ಮಾಡೋಣ. ಈ ಸೀಮೆಯಲ್ಲಿ ಎಂಜಿನ್ನಿನ ದೊಡ್ಡ ಶತ್ರು ಧೂಳೇ. ಒಂದು ಲೀಟರ್ ಪೆಟ್ರೋಲ್ ಉರಿಯಲು ಎಂಜಿನ್ ಸುಮಾರು 9,000 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಅಷ್ಟೂ ಗಾಳಿ ಏರ್ ಫಿಲ್ಟರಿನ ಮಡಿಕೆ ಕಾಗದದ ಮೂಲಕವೇ ಒಳಗೆ ಹೋಗಬೇಕು. ನಮ್ಮ ಕೆಂಪು ನೆಲದ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿವೆ. ಬೆಣಚು ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣವೊಂದು ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರ್ ಗೋಡೆಯನ್ನು ಉಜ್ಜುತ್ತದೆ, ಆಯಿಲಿಗೆ ಸೇರುತ್ತದೆ, ಆಯಿಲಿನ ಜೊತೆ ಬೇರಿಂಗಿಗೂ ತಲುಪುತ್ತದೆ. ಗಾಡಿ ನೀಲಿ ಹೊಗೆ ಹೊಡೆಯತೊಡಗಿ, ‘ಬೋರಿಗೆ ಬಂತು’ ಎಂದು ಮೆಕ್ಯಾನಿಕ್ ಹೇಳುವ ಹೊತ್ತಿಗೆ ಖರ್ಚು ಹತ್ತಾರು ಸಾವಿರಕ್ಕೆ ಹೋಗಿರುತ್ತದೆ. ಅದನ್ನು ತಡೆಯುವ ಫಿಲ್ಟರಿನ ಬೆಲೆ ಸಣ್ಣ ಕಾರುಗಳಿಗೆ ಕೆಲವು ನೂರು ರೂಪಾಯಿ.

ಕಬ್ಬು ಕಡಿಯುವ ಕಾಲದಲ್ಲಿ ಕುಂತೂರಿನ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಅರ್ಧ ಗಂಟೆ ಓಡಿದರೆ ಗಾಜಿನ ಮೇಲೆ ಕೂರುವ ಧೂಳನ್ನು ನೀವು ನೋಡಿದ್ದೀರಿ. ಅಷ್ಟೇ ಧೂಳು ಏರ್ ಫಿಲ್ಟರಿನ ಮೇಲೂ ಕೂತಿರುತ್ತದೆ. ಕರಿಕಲ್ಲಿನ ಕ್ವಾರಿಗಳ ಸುತ್ತಲಿನ ರಸ್ತೆ, ಕಾಮಗಾರಿ ಮುಗಿಯದ ರಸ್ತೆ, ಮಹದೇಶ್ವರ ಬೆಟ್ಟದಿಂದ ಇಂಡಿಗನತ್ತದ ಕಡೆಗೆ ಜೀಪು ಓಡುವ ಕಾಡುದಾರಿ, ಇಲ್ಲೆಲ್ಲ ಓಡಾಡುವವರು ತಿಂಗಳಿಗೊಮ್ಮೆ ಫಿಲ್ಟರ್ ಡಬ್ಬಿ ತೆರೆದು ನೋಡಬೇಕು. ಕ್ಲಿಪ್ಪು ಬಿಚ್ಚಿದರೆ ಆಯಿತು, ದೊಡ್ಡ ಕೆಲಸವೇನಲ್ಲ. ಗ್ಯಾರೇಜುಗಳಲ್ಲಿ ಫಿಲ್ಟರನ್ನು ಏರ್ ಪೈಪಿನಿಂದ ಹೊಡೆದು ಹಾಕುವುದು ವಾಡಿಕೆ. ಹೊಡೆಯುವುದಾದರೆ ಗಾಳಿಯ ರಭಸ ತಗ್ಗಿಸಿ, ಒಳಗಿನಿಂದ ಹೊರಕ್ಕೆ ಹೊಡೆಯಬೇಕು. ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಗೇ ನಾಟುತ್ತದೆ. ಹತ್ತಿರದಿಂದ ಜೋರಾಗಿ ಹೊಡೆದರೆ ಕಾಗದ ಸೂಜಿಮೊನೆಯಷ್ಟು ಹರಿಯುತ್ತದೆ, ಅಷ್ಟು ಸಾಕು. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಲೇಬಾರದು. ಡಬ್ಬಿ ಮುಚ್ಚುವ ಮುನ್ನ ಅಂಚಿನ ರಬ್ಬರ್ ಸರಿಯಾಗಿ ಕೂತಿದೆಯೇ ನೋಡಿ. ಅಂಚಿನಲ್ಲಿ ಸಂದು ಬಿಟ್ಟರೆ ಫಿಲ್ಟರ್ ಇದ್ದೂ ಇಲ್ಲದಂತೆ. ಯಳಂದೂರಿನ ಗದ್ದೆಬಯಲಿನ ಪಕ್ಕ ಗಾಡಿ ನಿಲ್ಲಿಸುವವರ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು. ಭತ್ತದ ಹೊಟ್ಟು, ಬಟ್ಟೆಚೂರು ಕಂಡರೆ ಪಕ್ಕದ ವೈರುಗಳನ್ನೂ ಪರೀಕ್ಷಿಸಿ.

ಹಳೆಯ ಜೀಪುಗಳಲ್ಲೂ ಟ್ರ್ಯಾಕ್ಟರುಗಳಲ್ಲೂ ಕಾಗದದ ಬದಲು ‘ಆಯಿಲ್ ಬಾತ್’ ಇರುತ್ತಿತ್ತು. ಗಾಳಿ ಎಣ್ಣೆಯ ಮೇಲೆ ತಿರುಗಿ ಹೋಗುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳುವ ಏರ್ಪಾಡು. ಇಂದಿಗೂ ಅಂಥ ಗಾಡಿ ಇಟ್ಟುಕೊಂಡವರು ತಳದ ಕೆಸರು ತೆಗೆದು, ಗುರುತಿನ ಮಟ್ಟದವರೆಗೆ ಮಾತ್ರ ಹೊಸ ಆಯಿಲ್ ತುಂಬಬೇಕು. ಮಟ್ಟ ಮೀರಿ ತುಂಬಿದರೆ ಎಂಜಿನ್ ಅದನ್ನೇ ಎಳೆದುಕೊಂಡುಬಿಡುತ್ತದೆ.

ರಸ್ತೆಯ ಮಾತಿನಲ್ಲೇ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಸುಗ್ಗಿಯ ತಿಂಗಳುಗಳಲ್ಲಿ ನಮ್ಮ ಟಾರು ರಸ್ತೆಗಳೇ ಒಕ್ಕಣೆಯ ಕಣಗಳು. ರಾಗಿ, ಹುರುಳಿ, ಅವರೆಯನ್ನು ರಸ್ತೆಗೆ ಹರಡಿ, ಹೋಗಿಬರುವ ಗಾಡಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಆಳು ಸಿಗದ, ಊರ ಕಣ ಒತ್ತುವರಿಯಾದ, ದನಗಳೇ ಇಲ್ಲದ ಕಾಲದಲ್ಲಿ ಸಣ್ಣ ಹಿಡುವಳಿಯ ರೈತನಿಗೆ ಬೇರೆ ದಾರಿ ಕಾಣುವುದಿಲ್ಲ ಎಂಬುದು ನನಗೆ ಗೊತ್ತಿದೆ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಊರೂರಿಗೂ ಒಂದು ಕಣ ಕಟ್ಟಿಸಿಕೊಡಬೇಕು. ಆದರೆ ಕಾರಿನೊಳಗೆ ಕೂತವರು ಅಪಾಯವನ್ನು ತಿಳಿದಿರಲೇಬೇಕು. ರಾಗಿ ಹುಲ್ಲಿಗಿಂತ ಹುರುಳಿ ಸೆತ್ತೆ ಕೆಟ್ಟದ್ದು. ಅದು ಬಳ್ಳಿ. ಚಕ್ರದ ಆಕ್ಸಲಿಗೆ, ಬೊಲೆರೊ, ಓಮ್ನಿಯಂಥ ಗಾಡಿಗಳಲ್ಲಿ ಉದ್ದಕ್ಕೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಹಗ್ಗದಂತೆ ಬಿಗಿಯುತ್ತದೆ. ಒಂದು ಕೊನೆ ಸೈಲೆನ್ಸರಿಗೆ ತಾಗಿರುತ್ತದೆ. ಈಗಿನ ಪೆಟ್ರೋಲ್ ಕಾರುಗಳ ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವುದೇ 400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಒಣ ಸೆತ್ತೆಗೆ ಹೊತ್ತಿಕೊಳ್ಳಲು ಅಷ್ಟು ಬೇಡವೇ ಬೇಡ. ಒಕ್ಕಣೆ ಸೆತ್ತೆ ಸಿಕ್ಕಿ ಕಾರುಗಳು ಸುಟ್ಟುಹೋದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಇದಕ್ಕೂ ಎಂಜಿನ್ ನಿಗಾಕ್ಕೂ ನೇರ ನಂಟಿದೆ. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪಿನಿಂದ ಅದು ಜಿನುಗುತ್ತಿದ್ದರೆ ಎಂಜಿನ್ನಿನ ತಳವೆಲ್ಲ ಜಿಡ್ಡು. ಸೆತ್ತೆ ಮೊದಲು ಅಂಟುವುದೂ, ಹೊತ್ತಿದ ಬೆಂಕಿ ಹಬ್ಬುವುದೂ ಅಲ್ಲಿಯೇ. ಡ್ರೈನ್ ಬೋಲ್ಟಿನ ವಾಷರು ಸವೆದು ತೊಟ್ಟು ತೊಟ್ಟು ಸೋರುವುದನ್ನು ‘ಹಳೇ ಗಾಡಿ, ಇದ್ದದ್ದೇ’ ಎಂದು ಬಿಡುವವರು ಬಹಳ. ಆಯಿಲ್ ಬದಲಿಸಿದಾಗಲೆಲ್ಲ ಆ ವಾಷರನ್ನೂ ಬದಲಿಸಿ. ಒಕ್ಕಣೆ ದಾಟಿದ ಮೇಲೆ ಬರಿ ರಸ್ತೆಗೆ ಬಂದು ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ. ಸುಟ್ಟ ವಾಸನೆ ಬಂದರೆ ಸೆತ್ತೆಯ ಮೇಲೆಯೇ ನಿಲ್ಲಿಸಬೇಡಿ, ಅದು ಎಲ್ಲಕ್ಕಿಂತ ಅಪಾಯ. ಮುಂದೆ ಬಂದು, ಎಲ್ಲರನ್ನೂ ಇಳಿಸಿ, ಎಂಜಿನ್ ಆರಿಸಿ, ಕೋಲಿನಿಂದ ಎಳೆದು ತೆಗೆಯಿರಿ. ಹೊಗೆ ಏಳುತ್ತಿದ್ದರೆ ಕೆಳಗೆ ಕೈಹಾಕಲು ಹೋಗದೆ ದೂರ ಸರಿಯಿರಿ.

ಈಗ ಆಯಿಲ್. ಅಂಗಡಿಯಲ್ಲಿ ನಡೆಯುವ ವಾದ ಇದು: ‘ನಮ್ ಕಡೆ ಚಳಿ ಎಲ್ಲದ ಸಾ? ಈ ನೀರಂಗಿರೋ ಆಯಿಲ್ ಯಾಕ? ದಪ್ಪಂದ್ ಹಾಕ್ಸಿ, ಎಂಜಿನ್ ಗಟ್ಟಿ ಬತ್ತದ.’ ಹೇಳುವವರಲ್ಲಿ ಮೋಸವಿಲ್ಲ. ಅಂಬಾಸಿಡರ್, ಮಹೀಂದ್ರ ಜೀಪುಗಳ ಕಾಲದಲ್ಲಿ ಕೈಪಳಗಿದವರ ಅನುಭವ ಅದು. ಆ ಎಂಜಿನ್ನುಗಳಿಗೆ ಅದು ಸರಿಯೂ ಇತ್ತು. ಈಗಿನವಕ್ಕೆ ಸರಿಯಲ್ಲ.

ಡಬ್ಬದ ಮೇಲೆ 5ಡಬ್ಲ್ಯೂ-30, 20ಡಬ್ಲ್ಯೂ-50 ಎಂದೆಲ್ಲ ಬರೆದಿರುತ್ತದಲ್ಲ, ಅದು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಗೊತ್ತುಮಾಡಿದ ದಪ್ಪದ ಅಳತೆ. ಮೊದಲ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಅಂಕಿ ಕಡಿಮೆಯಾದಷ್ಟೂ ಬೇಗ ಹರಿಯುತ್ತದೆ. ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಉಳಿಯುವ ದಪ್ಪ. ಕೊಳ್ಳೇಗಾಲದಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಎಂಜಿನ್ನಿನ ಲೆಕ್ಕದಲ್ಲಿ ಬೆಳಗಿನ 20 ಡಿಗ್ರಿಯೂ ತಣ್ಣಗೇ. ರಾತ್ರಿಯಿಡೀ ಸಂಪಿಗೆ ಇಳಿದು ಕೂತ ಆಯಿಲ್ ಸ್ಟಾರ್ಟ್ ಮಾಡಿದ ಕ್ಷಣ ಮೇಲಿನ ಕ್ಯಾಮ್ ಶಾಫ್ಟಿನವರೆಗೆ ಏರಬೇಕು. ಅದು ತಲುಪುವವರೆಗೆ ಲೋಹಕ್ಕೆ ಲೋಹ ಉಜ್ಜುತ್ತದೆ. ಎಂಜಿನ್ ಸವೆಯುವ ಮುಖ್ಯ ಸಮಯಗಳಲ್ಲಿ ಇದೂ ಒಂದು. ದಪ್ಪ ಆಯಿಲ್ ತಡವಾಗಿ ತಲುಪುತ್ತದೆ. ಈಗಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ಆಯಿಲ್ ಹೋಗುವ ದಾರಿಗಳು ಸಣ್ಣವು, ಬೇರಿಂಗಿನ ಸಂದುಗಳು ಕಿರಿದು, ವಾಲ್ವುಗಳ ಸಮಯ ಬದಲಿಸುವ ಏರ್ಪಾಡು ನಡೆಯುವುದೇ ಆಯಿಲಿನ ಒತ್ತಡದಿಂದ. ಈಚಿನ ಹಲವು ಕಾರುಗಳಿಗೆ ಕಂಪನಿಗಳು 0ಡಬ್ಲ್ಯೂ-16, 0ಡಬ್ಲ್ಯೂ-20ಯಷ್ಟು ತೆಳು ಆಯಿಲನ್ನು ಹೇಳುವುದು ಅದಕ್ಕೇ. ಅಂಥ ಎಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ಅದು ಗಟ್ಟಿಯಾಗುವುದಿಲ್ಲ, ಉಸಿರು ಕಟ್ಟುತ್ತದೆ. ಮೈಲೇಜೂ ಇಳಿಯುತ್ತದೆ.

ಹಾಗೆಂದು ತೆಳುವೇ ಒಳ್ಳೆಯದೆಂದು ಹಳೆಯ ಮಾರುತಿ 800ಕ್ಕೆ 0ಡಬ್ಲ್ಯೂ-16 ಹಾಕಿದರೆ ಅದೂ ತಪ್ಪು. 1983ರಲ್ಲಿ ಬಂದ, 2014ರಲ್ಲಿ ತಯಾರಿಕೆ ನಿಂತ ಆ ಕಾರು ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡುತ್ತಿದೆ. ಅದರ ಸಂದುಗಳೇ ಬೇರೆ, ಸವೆತವೂ ಸೇರಿ ಈಗ ಇನ್ನಷ್ಟು ದೊಡ್ಡವು. ಕಂಪನಿಗಳು ಒಂದೇ ಎಂಜಿನ್ನಿಗೆ ಎರಡು ಮೂರು ಗ್ರೇಡುಗಳನ್ನು, ಸುತ್ತಲಿನ ಶಾಖಕ್ಕೆ ತಕ್ಕಂತೆ, ಕೊಟ್ಟಿರುವುದುಂಟು. ಅಂಥಲ್ಲಿ ಘಾಟಿ ಹತ್ತಿಳಿಯುವ, ಬಿಸಿಲಲ್ಲಿ ಭಾರ ಎಳೆಯುವ ಗಾಡಿಗೆ ಪಟ್ಟಿಯೊಳಗಿನ ದಪ್ಪ ಗ್ರೇಡನ್ನು ಆರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಜಾಣತನ. ಪಟ್ಟಿಯ ಹೊರಗಿನದು ಬೇಡ.

ದಪ್ಪದಷ್ಟೇ ಮುಖ್ಯವಾದದ್ದು ದರ್ಜೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಗುರುತಿನಲ್ಲಿ ಪೆಟ್ರೋಲ್ ಎಂಜಿನ್ನಿನವು ‘ಎಸ್’ನಿಂದ, ಡೀಸೆಲ್ಲಿನವು ‘ಸಿ’ಯಿಂದ ಶುರುವಾಗುತ್ತವೆ. ಪೆಟ್ರೋಲಿನಲ್ಲಿ ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಡೀಸೆಲ್ಲಿನಲ್ಲಿ ಸಿಐ-4 2002ರದ್ದು, ಸಿಕೆ-4 2016ರದ್ದು. ಹಳೆಯ ದರ್ಜೆ ಕೇಳುವ ಪೆಟ್ರೋಲ್ ಕಾರಿಗೆ ಹೊಸ ದರ್ಜೆ ಹಾಕಬಹುದು, ಹೊಸ ಕಾರಿಗೆ ಹಳೆಯ ದರ್ಜೆ ಹಾಕಬಾರದು. ಬಿಎಸ್-6 ಹೊಗೆ ನಿಯಮದ ಡೀಸೆಲ್ ಕಾರುಗಳಿಗೆ ಯುರೋಪಿನ ಎಸಿಇಎ ಪಟ್ಟಿಯ ಸಿ2, ಸಿ3 ಎಂಬ ಬೂದಿ ಕಡಿಮೆ ಬಿಡುವ ಆಯಿಲುಗಳನ್ನು ಹಲವು ಕಂಪನಿಗಳು ಕೇಳುತ್ತವೆ. ಟ್ರ್ಯಾಕ್ಟರಿಗೆ ತಂದು ಉಳಿದ ಆಯಿಲನ್ನು ಇವಕ್ಕೆ ಸುರಿದರೆ ಹೊಗೆನಳಿಗೆಯ ದುಬಾರಿ ಫಿಲ್ಟರು ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಂಗಡಿಗೆ ಹೋದಾಗ ‘ಒಳ್ಳೇ ಆಯಿಲ್ ಕೊಡಿ’ ಎನ್ನುವ ಬದಲು ಗ್ರೇಡು ಮತ್ತು ದರ್ಜೆ ಎರಡನ್ನೂ ಹೇಳಿ ಕೇಳಿ. ಬ್ರ್ಯಾಂಡು ಆಮೇಲಿನ ಮಾತು. ಆ ಎರಡು ಗುರುತು ಸರಿಯಿದ್ದರೆ ಸರ್ಕಾರಿ ಕಂಪನಿಯ ಆಯಿಲೂ ವಿದೇಶಿ ಹೆಸರಿನ ಆಯಿಲೂ ಕೆಲಸ ಮಾಡುತ್ತವೆ. ಮಿನರಲ್ಲೋ ಸಿಂಥೆಟಿಕ್ಕೋ ಎಂಬ ಗೊಂದಲಕ್ಕೂ ಅದೇ ಉತ್ತರ. ಟರ್ಬೊ ಇರುವ ಎಂಜಿನ್ನಿಗೂ ಘಾಟಿ ದುಡಿಮೆಗೂ ಸಿಂಥೆಟಿಕ್ ಬಿಸಿಯನ್ನು ಹೆಚ್ಚು ತಾಳುತ್ತದೆ, ಕೊಟ್ಟ ಹಣಕ್ಕೆ ಬೆಲೆ ಇದೆ. ಆದರೆ ಸಿಂಥೆಟಿಕ್ ಹಾಕಿದ್ದೇನೆ ಎಂದು ಧೂಳಿನ ಊರಲ್ಲಿ ಅಂತರ ಹೆಚ್ಚಿಸಬೇಡಿ, ಧೂಳು ಯಾವ ಆಯಿಲನ್ನೂ ಬಿಡುವುದಿಲ್ಲ. ಡಬ್ಬದ ಸೀಲು ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಡಬ್ಬಕ್ಕೆ ತೂತು ಹೊಡೆಸಿ, ಇಲ್ಲವೆ ಮನೆಗೆ ತನ್ನಿ. ನಕಲಿ ಆಯಿಲ್ ಮಾರುವವರಿಗೆ ಬೇಕಾದದ್ದು ಅದೇ ಡಬ್ಬ.

ಆಯಿಲ್ ಕಡ್ಡಿ ನೋಡುವುದನ್ನು ಮನೆಯವರೆಲ್ಲ ಕಲಿಯಬೇಕು. ಸಮತಟ್ಟಾದ ಜಾಗ, ಎಂಜಿನ್ ಆರಿಸಿ ಐದು ಹತ್ತು ನಿಮಿಷ. ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಬೇಕು. ಸಣ್ಣ ಪೆಟ್ರೋಲ್ ಕಾರಿನಲ್ಲಿ ಇರುವುದೇ ಮೂರು ಲೀಟರ್ ಆಸುಪಾಸು. ಕಡ್ಡಿಯ ಕೆಳಗಿನ ಗುರುತಿಗೆ ಇಳಿದಿದೆ ಎಂದರೆ ಅದರಲ್ಲಿ ದೊಡ್ಡ ಪಾಲೇ ಹೋಗಿದೆ. ಚಪ್ಪಟೆ ರಸ್ತೆಯಲ್ಲಿ ಅದು ಗೊತ್ತಾಗದೆ ನಡೆಯಬಹುದು. ಘಾಟಿಯ ಕಡಿದಾದ ತಿರುವಿನಲ್ಲಿ ಆಯಿಲ್ ಸಂಪಿನ ಒಂದು ಬದಿಗೆ ಸರಿದಾಗ ಪಂಪು ಗಾಳಿ ಹೀರುತ್ತದೆ, ಡ್ಯಾಷ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಮಿಣುಕುತ್ತದೆ. ಆ ದೀಪ ಹೊತ್ತಿದರೆ ‘ಮುಂದಿನ ಊರಲ್ಲಿ ನೋಡೋಣ’ ಎಂಬ ಮಾತೇ ಇಲ್ಲ. ಅಲ್ಲೇ ಬದಿಗೆ ಹಾಕಿ ಆರಿಸಬೇಕು. ಇಲ್ಲದಿದ್ದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಸೀಜ್ ಆಗುತ್ತದೆ.

ಆಯಿಲ್ ಕಪ್ಪಾಯಿತು ಎಂದು ಗಾಬರಿ ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲೂ ಬೇಗನೆ ಕಪ್ಪಾಗುತ್ತದೆ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಗಾಬರಿಯಾಗಬೇಕಾದದ್ದು ಕಾಫಿಗೆ ಹಾಲು ಬೆರೆತಂತೆ ಕಂದು ನೊರೆ ಕಂಡಾಗ. ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲಿಗೆ ನೀರು ಸೇರಿದ್ದರೆ ಹಾಗಾಗುತ್ತದೆ.

ಆಯಿಲ್ ಬದಲಿಸಿ ಫಿಲ್ಟರ್ ಹಾಗೇ ಬಿಡುವ ‘ಉಳಿತಾಯ’ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಪ್ರತಿ ಸಲ ಆಯಿಲ್, ಎರಡು ಸಲಕ್ಕೊಮ್ಮೆ ಫಿಲ್ಟರ್. ಇದು ಬೇಡ. ಹಳೆಯ ಫಿಲ್ಟರಿನೊಳಗೆ ಕೊಳೆ ಆಯಿಲ್ ಉಳಿದಿರುತ್ತದೆ. ಅದು ಕಟ್ಟಿಕೊಂಡರೆ ಎಂಜಿನ್ ಒಣಗದಿರಲೆಂದು ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲನ್ನೇ ಒಳಗೆ ಬಿಡುತ್ತದೆ. ಒಳ್ಳೆಯ ಫಿಲ್ಟರಿನೊಳಗೆ ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರ್ ಕವಾಟವಿರುತ್ತದೆ. ಅಗ್ಗದ ನಕಲಿಯಲ್ಲಿ ಅದು ಇರುವುದಿಲ್ಲ, ಇದ್ದರೂ ಬೇಗ ಗಟ್ಟಿಯಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಕ್ಷಣ ಟಕಟಕ ಸದ್ದು ಬರುವ ಗಾಡಿಗಳಲ್ಲಿ ಇದೂ ಒಂದು ಕಾರಣ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿ, ಕೈಯಿಂದಲೇ ಬಿಗಿ ಮಾಡಬೇಕು. ಸ್ಪ್ಯಾನರ್ ಹಾಕಿ ಜಗ್ಗಿದರೆ ಮುಂದಿನ ಸಲ ಬಿಚ್ಚುವವನಿಗೆ ಅದರ ಕಷ್ಟ ಗೊತ್ತಾಗುತ್ತದೆ.

ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಎರಡು ಮಾತು ಹೆಚ್ಚು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಇಂಧನದ ಗಂಧಕ ಹತ್ತು ಲಕ್ಷ ಪಾಲಿಗೆ 50ರಿಂದ 10ಕ್ಕೆ ಇಳಿಯಿತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಕಾರುಗಳಿಗೆ ಸೇರಿತು. ಅದು ತುಂಬಿದಾಗ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷದ ಬಿಡುವಿಲ್ಲದ ಓಟ ಬೇಕು. ಪೇಟೆಯೊಳಗೆ ಐದು ನಿಮಿಷ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಆ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲಿಗೆ ಇಳಿಯುತ್ತದೆ. ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡು ‘ನಮ್ ಗಾಡಿ ಆಯಿಲೇ ಕುಡಿಯಲ್ಲ’ ಎಂದು ಖುಷಿಪಡುವವರಿದ್ದಾರೆ. ಅದು ಆಯಿಲ್ ತೆಳುವಾಗುತ್ತಿರುವ ಗುರುತು, ಮೇಲಿನ ಗುರುತು ದಾಟಿದ್ದರೆ ಕೂಡಲೇ ಬದಲಿಸಬೇಕು. ದಿನವೂ ಪೇಟೆಯಲ್ಲೇ ತಿರುಗುವವರು ವಾರಕ್ಕೊಮ್ಮೆ ಕೊಳ್ಳೇಗಾಲದಿಂದ ಮಳವಳ್ಳಿ ಕಡೆಗೋ ಚಾಮರಾಜನಗರದ ಕಡೆಗೋ ಒಂದೇ ವೇಗದಲ್ಲಿ ಓಡಿಸಿ ಬಂದರೆ ಒಳ್ಳೆಯದು. ಮನೆಯಿಂದ ಅಂಗಡಿಗೆ, ಶಾಲೆಗೆ ಓಡಾಡುವುದಷ್ಟೇ ಕೆಲಸವಾಗಿದ್ದರೆ ಡೀಸೆಲ್ ಕಾರು ಕೊಳ್ಳಲೇಬೇಡಿ ಎನ್ನುತ್ತೇನೆ.

ಎರಡನೆಯದು ಯೂರಿಯಾ. ಕೆಲವು ಬಿಎಸ್-6 ಡೀಸೆಲ್ ಗಾಡಿಗಳಿಗೆ ಡಿಇಎಫ್ ಎಂಬ ದ್ರವ ಬೇರೆ ಟ್ಯಾಂಕಿಗೆ ತುಂಬಬೇಕು. ಅದು ಶುದ್ಧೀಕರಿಸಿದ ನೀರಿನಲ್ಲಿ ಶೇ. 32.5ರಷ್ಟು ಯೂರಿಯಾ ಕರಗಿಸಿದ್ದು. ಮನೆಯಲ್ಲಿ ಗೊಬ್ಬರದ ಮೂಟೆ ಇದೆಯಲ್ಲ ಎಂಬ ಯೋಚನೆ ರೈತರ ಊರಲ್ಲಿ ಸಹಜ. ದಯವಿಟ್ಟು ಬೇಡ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ, ಬೇರೆ ಕಲ್ಮಶಗಳಿವೆ. ಅದು ಹೊಗೆನಳಿಗೆಯ ಕನ್ವರ್ಟರನ್ನು ಹಾಳುಮಾಡುತ್ತದೆ. ಡಿಇಎಫ್ ಅನ್ನು ಮರೆತೂ ಡೀಸೆಲ್ ಟ್ಯಾಂಕಿಗೆ ಸುರಿಯಬಾರದು. ಸುರಿದದ್ದು ಗೊತ್ತಾದರೆ ಕೀಲಿಯನ್ನೂ ತಿರುಗಿಸದೆ ಗ್ಯಾರೇಜಿಗೆ ಎಳೆಸಿ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇರುವ ಗಾಡಿಗಳಲ್ಲಿ ಮಳೆಗಾಲ ಮುಗಿದ ಮೇಲೆ ಒಮ್ಮೆ ನೀರು ಬಿಡಿಸುವುದು ವಾಸಿ.

ಪೆಟ್ರೋಲಿನ ಮಾತು ಈಗ ಬಿಸಿಯಾಗಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಇ20, ಅಂದರೆ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್, 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಮಾಮೂಲಾಯಿತು. ಎಥೆನಾಲ್ ತಯಾರಾಗುವುದು ಕಬ್ಬು, ಮೆಕ್ಕೆಜೋಳ, ಅಕ್ಕಿ ನುಚ್ಚಿನಿಂದ. ಕಬ್ಬು ಕೊಳ್ಳೇಗಾಲದ್ದೂ ಹೌದು, ಮೆಕ್ಕೆಜೋಳ ಹನೂರಿನದೂ ಹೌದು. ಬೆಳೆಗೆ ಬೇಡಿಕೆ ಬರುತ್ತದೆ ಎಂಬ ಸಂತೋಷ ನನಗಿದೆ. ಕಾರಿನ ಲೆಕ್ಕ ಮಾತ್ರ ಬೇರೆ. ಎಥೆನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ನಾಲ್ಕುಚಕ್ರಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಯುತ್ತದೆ, ಇ10ಕ್ಕೆ ತಯಾರಾಗಿ ಇ20ಗೆ ಹೊಂದಿಸಿದವುಗಳಲ್ಲಿ 1ರಿಂದ 2ರಷ್ಟು ಎಂದಿತ್ತು. ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಹಳೆಯ ಕಾರು 17ಕ್ಕೆ ಬಂದರೆ ಅದು ಎಂಜಿನ್ನಿನ ಕಾಯಿಲೆಯಲ್ಲ.

ಹಳೆಯ 800, ಓಮ್ನಿ, ಜೆನ್ ಇಟ್ಟುಕೊಂಡವರ ಚಿಂತೆ ಮೈಲೇಜಿಗಿಂತ ರಬ್ಬರಿನದಾಗಿರಬೇಕು. ಎಥೆನಾಲಿಗೆ ತಯಾರಿಲ್ಲದ ಪೆಟ್ರೋಲ್ ಪೈಪು, ಸೀಲುಗಳು ಉಬ್ಬುತ್ತವೆ, ಬಿರಿಯುತ್ತವೆ. ಪೈಪುಗಳನ್ನು ಎಥೆನಾಲ್ ತಾಳುವ ಹೊಸ ರಬ್ಬರಿನವಕ್ಕೆ ಬದಲಿಸುವುದು ದೊಡ್ಡ ಖರ್ಚಲ್ಲ, ಪೆಟ್ರೋಲ್ ವಾಸನೆ ಬರುವ ಮೊದಲೇ ಮಾಡಿಸಿ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಜಾತ್ರೆಗೆ, ಮದುವೆಗೆ ಮಾತ್ರ ಹೊರತೆಗೆಯುವ ಕಾರಿನ ಟ್ಯಾಂಕನ್ನು ಮಳೆಗಾಲದಲ್ಲಿ ಮುಕ್ಕಾಲು ಖಾಲಿ ಇಡಬಾರದು. ನೀರು ಹೆಚ್ಚಾದರೆ ಎಥೆನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ನೀರಿನ ಜೊತೆ ತಳಕ್ಕೆ ಕೂರುತ್ತದೆ, ಪಂಪು ಮೊದಲು ಎಳೆಯುವುದು ಅದನ್ನೇ. ಬಂಕಿನಲ್ಲಿ ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ ಎಂಜಿನ್ ಸ್ವಚ್ಛವಾಗುತ್ತದೆ, ಪಿಕಪ್ ಬರುತ್ತದೆ ಎಂಬ ನಂಬಿಕೆಗೆ ಹೆಚ್ಚು ಬೆಲೆ ಕೊಡಬೇಡಿ. ಕಂಪನಿ ಕೇಳದ ಎಂಜಿನ್ನಿಗೆ ಅದರಿಂದ ಲಾಭವಿಲ್ಲ. ಆ ಹಣ ಏರ್ ಫಿಲ್ಟರಿಗೆ ಆಗುತ್ತದೆ.

ಕಲಬೆರಕೆಯ ಅನುಮಾನ ಬಂದರೆ ಜಗಳವಾಡಬೇಕಾಗಿಲ್ಲ, ಕೇಳುವ ಹಕ್ಕಿದೆ. ಫಿಲ್ಟರ್ ಪೇಪರ್ ಕೊಡಿ ಎನ್ನಿ. ನಳಿಕೆಯ ತುದಿ ಒರೆಸಿ ಒಂದು ಹನಿ ಪೆಟ್ರೋಲ್ ಬಿಟ್ಟರೆ ಕಲೆ ಉಳಿಯದೆ ಆರಬೇಕು. ಸಾಂದ್ರತೆ ಪಂಪಿನ ಮೇಲೆ ಬರೆದಿರಬೇಕು: ಪೆಟ್ರೋಲಿಗೆ ಘನಮೀಟರಿಗೆ 720ರಿಂದ 775 ಕೆ.ಜಿ. ಒಳಗೆ. ಅಳತೆಯ ಅನುಮಾನಕ್ಕೆ ಮುದ್ರೆಯಿರುವ ಐದು ಲೀಟರ್ ಮಾಪಕ ತರಿಸಿ. ಬಂಕಿನಲ್ಲಿ ಗಾಳಿ, ಕುಡಿಯುವ ನೀರು ಪುಕ್ಕಟೆ ಕೊಡಬೇಕೆಂಬುದೂ ನಿಯಮವೇ.

ಬಿಸಿ ಏರಿ ಘಾಟಿಯಲ್ಲಿ ನಿಂತ ಗಾಡಿಗಳನ್ನು ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಿ ಸಾಲಾಗಿ ಕಾಣಬಹುದು. ಹೆಚ್ಚಿನವಕ್ಕೆ ಕಾರಣ ಒಂದೇ, ರೇಡಿಯೇಟರಿನಲ್ಲಿ ಕೂಲಂಟ್ ಬದಲು ಬೋರ್‌ವೆಲ್ ನೀರು. ನಮ್ಮ ಬೋರ್ ನೀರು ಗಡಸು. ಪಾತ್ರೆಯ ತಳಕ್ಕೆ ಕಟ್ಟುವ ಸುಣ್ಣದ ಪದರವೇ ರೇಡಿಯೇಟರಿನ ಸಣ್ಣ ನಳಿಕೆಗಳೊಳಗೂ ಕಟ್ಟುತ್ತದೆ. ಕೂಲಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು, ಬೆರೆಸಿಯೇ ಬರುವುದಾದರೆ ನೀರು ಸೇರಿಸಬಾರದು. ರೇಡಿಯೇಟರಿನ ಮುಚ್ಚಳದ ರಬ್ಬರನ್ನೂ ನೋಡಿ. ಸುಮಾರು ಒಂದು ಬಾರ್ ಹೆಚ್ಚುವರಿ ಒತ್ತಡ ಹಿಡಿದಿಟ್ಟರೆ ಬರಿಯ ನೀರೂ 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳ ಸಡಿಲವಾದರೆ ಬೆಟ್ಟದ ಎತ್ತರದಲ್ಲಿ 100ಕ್ಕೂ ಮೊದಲೇ ಕುದಿಯುತ್ತದೆ. ಬಿಸಿಯ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ. ಮುಚ್ಚಳ ತೆರೆಯಲು ಅರ್ಧ ಗಂಟೆಯಾದರೂ ಕಾಯಿರಿ. ಕೆಂಡದಂಥ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ.

ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರಿಗೆ ಒಂದು ಮಾತು: ಇಂಜೆಕ್ಷನ್ ಇರುವ ಕಾರು ಗೇರಿನಲ್ಲೇ, ಆಕ್ಸಿಲರೇಟರ್ ಮುಟ್ಟದೆ ಇಳಿಯುವಾಗ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡಿಸಲು ಇಂಧನ ಬೇಕು. ಉಳಿತಾಯವೂ ಇಲ್ಲ, ಬ್ರೇಕು ಕಾದು ಹಿಡಿಯದೆ ಹೋಗುವ ಅಪಾಯ ಬೇರೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಕೊನೆಗೆ, ತೆಗೆದ ಆಯಿಲ್ ಎಲ್ಲಿ ಹೋಗುತ್ತದೆ? ಗ್ಯಾರೇಜಿನ ಹಿಂದಿನ ಚರಂಡಿಗೆ, ಗೆದ್ದಲು ಬಾರದಿರಲೆಂದು ಬೇಲಿ ಗೂಟಕ್ಕೆ, ಇಲ್ಲವೆ ಹಾಗೇ ಮಣ್ಣಿಗೆ. ಒಂದು ಸಲದ ಆಯಿಲ್ ಚೇಂಜಿನ ಕೊಳೆ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಇಲಾಖೆ ಎಚ್ಚರಿಸುತ್ತದೆ. ಯಳಂದೂರಿನ ಚರಂಡಿಗೆ ಬಿದ್ದದ್ದು ಸುವರ್ಣಾವತಿಗೆ, ಸುವರ್ಣಾವತಿಯದು ಕಾವೇರಿಗೆ. ಕೆಳಗೆ ಶಿವನಸಮುದ್ರದ ಬಳಿಯಿಂದಲೇ ಬೆಂಗಳೂರಿಗೆ ಕುಡಿಯುವ ನೀರು ಹೋಗುವುದು. ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲಿನಿಂದ ಅದನ್ನು ವಾಪಸು ಸಂಗ್ರಹಿಸಿ ಮರುಶುದ್ಧಿ ಮಾಡಿಸುವ ಹೊಣೆ ಆಯಿಲ್ ತಯಾರಕರ ಮೇಲೂ ಇದೆ. ಹೊಣೆ ಕಾಗದದಲ್ಲಿದ್ದರೆ ಸಾಲದು. ಕೊಳ್ಳೇಗಾಲ ನಗರಸಭೆ, ಹನೂರು, ಯಳಂದೂರು ಪಟ್ಟಣ ಪಂಚಾಯಿತಿಗಳು ಗ್ಯಾರೇಜುಗಳಿರುವ ಬೀದಿಗಳಲ್ಲಿ ಬೀಗ ಹಾಕಿದ ಒಂದೊಂದು ಡ್ರಮ್ ಇಡಿಸಿ, ತಿಂಗಳಿಗೊಮ್ಮೆ ಪರವಾನಗಿ ಇರುವವರ ಗಾಡಿ ಬಂದು ಒಯ್ಯುವಂತೆ ಮಾಡಬೇಕು. ಅಲ್ಲಿಯವರೆಗೆ, ಮನೆಯಲ್ಲೇ ಆಯಿಲ್ ಬದಲಿಸುವವರು ಹಳೆಯದನ್ನು ಅದೇ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು, ಹಳೆ ಆಯಿಲ್ ಕೊಳ್ಳುವ ಗ್ಯಾರೇಜಿಗೆ ತಲುಪಿಸಿ. ಹಳೆಯ ಫಿಲ್ಟರನ್ನು ಬುಡಮೇಲು ಮಾಡಿ ಒಂದು ರಾತ್ರಿ ಬಸಿಯಲು ಬಿಟ್ಟರೆ ಅದರೊಳಗಿನದೂ ಡಬ್ಬ ಸೇರುತ್ತದೆ.